ಬಾಗಿಲ ಬೆಳಕಿಗೆ ತಂದ ಟಿವಿ

ಟಿವಿಯ ಗಾಜಿನ ಮೇಲೆ ಅಪ್ಪನ ಹೆಬ್ಬೆರಳಿನ ಗುರುತು ಮೂಡಿತ್ತು. ಶಿಡ್ಲಘಟ್ಟದ ಆ ಅಂಗಡಿಯಲ್ಲಿದ್ದ ಇಪ್ಪತ್ತೊಂದು ಇಂಚಿನ ಮೂರು ಟಿವಿಗಳಲ್ಲೂ ಒಂದೇ ಸಿ.ಡಿ.ಯ ಕೆಂಪು ಮೀನುಗಳು ಈಜುತ್ತಿದ್ದವು. ಯಾವುದರ ಚಿತ್ರ ಚೆನ್ನಾಗಿದೆಯೋ ನನಗೆ ತಿಳಿಯಲಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೂ ಅಮ್ಮನಿಗೆ ಮನೆಯ ಹಳೆಯ ಟಿವಿಯಲ್ಲಿ ಮುಖಗಳು ಮಸುಕಾಗಿಯೇ ಕಾಣುತ್ತಿದ್ದವು. ನಮ್ಮ ಕೈಗೆಟಕುವ ಬೆಲೆಯಲ್ಲಿ ಅವಳಿಗೆ ಸ್ಪಷ್ಟವಾಗಿ ಕಾಣುವಂಥದ್ದು ಬೇಕಿತ್ತು.

ಅಪ್ಪ ರೇಷ್ಮೆ ನೂಲನ್ನು ಬಾಗಿಲಿಗೆ ತಂದು, ಬಿಸಿಲಿನಲ್ಲಿ ನೋಡಿಯೇ ಒಪ್ಪುವವರು. "ಒಳಗಿನ ಕತ್ತಲೇಲಿ ಎಲ್ಲಾ ಚೆನ್ನಾಗೇ ಕಾಣ್ತದೆ. ಬಾಗಿಲಿಗೆ ತಗೊಂಡ್ ಬಾರಪ್ಪ," ಎಂದರು ಅಂಗಡಿಯವನಿಗೆ.

"ಯಜಮಾನ್ರೇ, ಇದು ನೂಲಲ್ಲ, ಟಿವಿ!" ಎಂದು ನಗುತ್ತಲೇ ಅವನು ಒಂದನ್ನು ಬಾಗಿಲ ಬಳಿ ತಂದಿಟ್ಟ. ಟಿವಿ ಓಡುತ್ತಲೇ ಇದ್ದರೂ ಹೊರಗಿನ ಬೆಳಕಿಗೆ ಮೀನುಗಳು ಮಾಯವಾಗಿ, ಗಾಜಿನಲ್ಲಿ ನಮ್ಮಿಬ್ಬರ ಮುಖಗಳು ಕಂಡವು.

"ಇದ್ರಲ್ಲಿ ನಾವೇ ಇದ್ದೀವಲ್ಲಮ್ಮ!" ಎಂದರು ಅಪ್ಪ, ನನ್ನ ಕಡೆ ತಿರುಗಿ.

ನನಗೆ ನಾಚಿಕೆಯಾಗಿ, "ನಾಳೆ ಬರ್ತೀವಿ" ಎಂದು ಅವರನ್ನು ಹೊರಡಿಸಿದೆ. ದಾರಿಯಲ್ಲಿ ನೆನಪಾಯಿತು, ಮನೆಯಲ್ಲಿ ನಮ್ಮ ಟಿವಿ ಇರುವುದೂ ಬಾಗಿಲಿಗೆ ಎದುರಾಗಿಯೇ. ಹಾಗಾದರೆ ಮಸುಕು ಟಿವಿಯದೋ, ಅದರ ಮೇಲೆ ಬೀಳುವ ಬೆಳಕಿನದೋ?

ಮರುದಿನ ಬೆಳಿಗ್ಗೆ ಹಳೆಯ ಟಿವಿಯನ್ನು ಬೆಳಕು ತಾಕದ ಮೂಲೆಗೆ ಸರಿಸಿ, ಅಮ್ಮನನ್ನು ಎದುರಿಗೆ ಕೂರಿಸಿದೆ.

"ವಾರ್ತೆಯವಳ ಮೂಗುಬೊಟ್ಟು ಕಾಣ್ತದೆ ಕಣೇ," ಎಂದಳು.

ಅಂಗಡಿಗೆ ಹೋಗುವುದನ್ನು ಬಿಟ್ಟು ನಾನೂ ಪಕ್ಕದಲ್ಲಿ ಕುಳಿತೆ.