ಬೋಪದೇವ ಘಾಟಿನ ತಿರುವಿನಲ್ಲಿ ಅಕ್ಕ

ನಾನು ಚಿಕ್ಕವನಿದ್ದಾಗ ಅಪ್ಪನ ಕರಿ ಸೈಕಲ್ಲು ನನ್ನ ಎದೆಮಟ್ಟಕ್ಕೆ ಬರುತ್ತಿತ್ತು. ಸೀಟಿನ ಮೇಲೆ ಕೂತರೆ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ, ನಡುವಿನ ಕಂಬಿಯೊಳಗೆ ಕಾಲು ತೂರಿಸಿ ನಿಂತೇ ತುಳಿಯುತ್ತಿದ್ದೆ. ಅದೇ ಸೈಕಲ್ಲಿನಲ್ಲಿ ಒಂದು ದಿನ, ಸುರಿವ ಮಳೆಯಲ್ಲಿ, ಒಬ್ಬನೇ ಬೋಪದೇವ ಘಾಟು ಹತ್ತಿದೆ.

ನಮ್ಮ ಮನೆ ಆಗಲೂ ಪುಣೆಯ ಕೊಂಢವಾದಲ್ಲೇ ಇತ್ತು. ಅಕ್ಕನನ್ನು ಘಾಟಿನ ಆಚೆಯ ಹಳ್ಳಿಗೆ, ನಮ್ಮ ಕಡೆಯ ಕನ್ನಡದವರ ಮನೆಗೇ ಕೊಟ್ಟಿದ್ದರು. ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಗಳು ತಾನಾಗಿ ತವರಿಗೆ ಬರುವಂತಿಲ್ಲ, ಯಾರಾದರೂ ಹೋಗಿ ಕರೆಯಬೇಕು. ಕರೆಯದಿದ್ದರೆ ವರ್ಷವಿಡೀ ಅವಳು ಅತ್ತೆಯ ಮನೆಯಲ್ಲಿ ಮಾತು ಕೇಳಬೇಕು. ಆ ಸಲ ಅಪ್ಪ ಜ್ವರ ಬಂದು ಮಲಗಿದ್ದ. ಗುಡ್ಡ ಜರಿದು ಬಸ್ಸೂ ನಿಂತಿತ್ತು. "ನಾ ಹೋಗಿ ಕರ್ಕೊಂಡು ಬರ್ತೀನಿ" ಅಂದೆ. ಅವ್ವ ಶೇಂಗಾ ಉಂಡಿಯ ಡಬ್ಬಿಯನ್ನು ಹಿಂದಿನ ಕ್ಯಾರಿಯರಿಗೆ ಬಿಗಿದು ಕಟ್ಟಿದಳು.

ಬೆಳಕು ಹರಿದ ಕೂಡಲೇ ಹೊರಟೆ. ಊರು ದಾಟಿದ್ದೇ ಏರು. ತುಳಿಯುವುದಕ್ಕಿಂತ ತಳ್ಳಿದ್ದೇ ಹೆಚ್ಚು. ತೊಯ್ದ ಹುಲ್ಲಿನ ವಾಸನೆ, ಬಂಡೆಯ ಮೇಲಿಂದ ಸುರಿಯುವ ನೀರಿನ ಸದ್ದು, ಮುಂದೆ ಬರೀ ಮಂಜು. ಗುಡ್ಡ ಜರಿದಲ್ಲಿ ಸೈಕಲ್ಲನ್ನು ಎತ್ತುತ್ತ ಎಳೆಯುತ್ತ ಕಲ್ಲುಗಳ ಮೇಲೆ ದಾಟಿದೆ. ಮೊಣಕಾಲು ತರಚಿ ಉರಿಯುತ್ತಿತ್ತು. ಡಬ್ಬಿ ಮಾತ್ರ ಬೀಳಲಿಲ್ಲ.

ಇನ್ನೇನು ಇಳಿಜಾರು ಶುರುವಾಗಬೇಕು, ತಿರುವಿನಲ್ಲಿ ಏನೋ ಕಪ್ಪಗೆ ಅಲುಗಾಡಿತು. ಎದೆ ಧಸಕ್ಕೆಂದಿತು. ದೆವ್ವವೇ ಸರಿ ಅಂದುಕೊಂಡು ಸೈಕಲ್ಲು ಬಿಟ್ಟು ಓಡಲು ತಿರುಗಿದೆ.

"ತಮ್ಮಾ!" ಅಂತು ಆ ಕಪ್ಪು.

ತಲೆಯ ಮೇಲೆ ಗೋಣಿಚೀಲ ಹೊದ್ದು, ಬಟ್ಟೆಗಂಟು ಅವುಚಿಕೊಂಡು ನಿಂತಿದ್ದವಳು ಅಕ್ಕ! ದೆವ್ವಕ್ಕಿಂತ ಅವಳನ್ನು ಕಂಡೇ ನನಗೆ ಹೆಚ್ಚು ಗಾಬರಿಯಾಯಿತು. ಕರೆಯದೇ, ಒಬ್ಬಳೇ, ನಡೆದು ಬಂದಿದ್ದಳು.

"ಯಾರೂ ಬರೂದಿಲ್ಲ ಅಂದ್ಕೊಂಡೆ," ಅಂದಳು. ಮುಖದ ಮೇಲಿದ್ದದ್ದು ಮಳೆಯೋ ಕಣ್ಣೀರೋ ತಿಳಿಯಲಿಲ್ಲ. "ಬಸ್ಸಿಲ್ಲ ಅಂದ್ರ ತವರೂ ಇಲ್ಲೇನು ಅಂತ ನಿನ್ನೆಯಿಂದ ಅತ್ತಿ ಒಂದ ಸವನ ಕೇಳಾಕತ್ತಾಳ. ಹಳ್ಳಕ್ಕ ಬಟ್ಟಿ ಒಗ್ಯಾಕ ಹೊಂಟೀನಿ ಅಂತ ಹೇಳಿ ಬಂದುಬಿಟ್ಟೆ."

"ಬಾ, ಕೂಡು. ಮನಿಗೆ ಹೋಗೂಣು."

ಅಕ್ಕ ಕಣ್ಣೊರೆಸಿಕೊಂಡು ಸೈಕಲ್ಲಿನ ಹ್ಯಾಂಡಲ್ಲು ಹಿಡಿದಳು. "ಕರಿಯಾಕ ಬಂದಾವ ದಾರ್ಯಾಗ ಕರೀತಾನೇನೋ ಹುಚ್ಚಪ್ಪಾ? ನಡಿ, ಬಾಗಲಕ್ಕ ಬಂದು ಎಲ್ಲಾರ ಮುಂದ ಕರಿ."

"ಇಳದು ಮತ್ತ ಇದನ್ನ ಹತ್ತಬೇಕೇನು?"

"ಹೂಂ ಮತ್ತ!"

ಡಬ್ಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅವಳು ಹಿಂದೆ ಕೂತಳು. ತೊಯ್ದ ಬ್ರೇಕು ಹಿಡಿಯಲೊಲ್ಲದು. ಇಬ್ಬರೂ ಚಪ್ಪಲಿ ನೆಲಕ್ಕೆ ಒತ್ತಿ ಹಿಡಿದು, ಚೀರುತ್ತ ಇಳಿದೆವು. ಊರ ಹೊರಗೆ ಅವಳು ಇಳಿದು, ಡಬ್ಬಿ ನನ್ನ ಕೈಗಿತ್ತು ಹಿತ್ತಲಿನತ್ತ ಓಡಿದಳು. ನಾನು ಮುಂಬಾಗಿಲಿಗೆ ಹೋಗಿ, ಓಣಿಯವರಿಗೆಲ್ಲ ಕೇಳುವಂತೆ ಕೂಗಿದೆ: "ಅತ್ತಿ, ಅಕ್ಕನ್ನ ಪಂಚಮಿಗೆ ಕರಿಯಾಕ ಬಂದೀನ್ರಿ!"

ಅತ್ತೆ ಹೊರಗೆ ಬಂದಳು. "ಅಯ್ಯ, ತೊಯ್ದ ಕೋಳಿಮರಿ ಹಂಗ ಆಗೀಯಲ್ಲೋ!" ಎಂದು ಡಬ್ಬಿ ಇಸಿದುಕೊಂಡಳು. ಅಷ್ಟರಲ್ಲಿ ಒಳಗಿನಿಂದ ಅಕ್ಕ ಏನೂ ಅರಿಯದವಳಂತೆ ಬಂದು ನಿಂತಳು. ಅತ್ತೆ ನನ್ನ ಕಾಲು ನೋಡಿದಳು, ಆಮೇಲೆ ಅಕ್ಕನ ಕಾಲು. ಇಬ್ಬರಿಗೂ ಮೊಣಕಾಲಿನವರೆಗೆ ಘಾಟಿನ ಅದೇ ಕೆಮ್ಮಣ್ಣು!

"ಹಳ್ಳದಾಗ ಭಾಳ ಕೆಸರ ಇತ್ತೇನವ್ವಾ?" ಅಂದಳು ಅತ್ತೆ.

ಉತ್ತರಕ್ಕೂ ಕಾಯದೆ ಒಳಗೆ ಹೋದಳು. ಬಿಸಿನೀರು ತಂದು ಮೊದಲು ಅಕ್ಕನ ಕಾಲಿಗೇ ಸುರಿದಳು. "ಉಂಡು ಕರ್ಕೊಂಡು ಹೋಗಪ್ಪಾ" ಅಂದಳು.

ಈಗ ಅಕ್ಕನ ಬಾಗಿಲಲ್ಲಿ ಕಾರು ನಿಂತಿದೆ, ಕೈಯಲ್ಲಿ ಫೋನಿದೆ. ಆದರೂ ಪಂಚಮಿಗೆ ಯಾರಾದರೂ ಹೋಗಿ ಕರೆಯದೆ ಅವಳು ಹೊಸ್ತಿಲು ದಾಟುವುದಿಲ್ಲ. ಈ ವರ್ಷ ಕರೆಯಲು ನನ್ನ ಮೊಮ್ಮಗಳು ತನ್ನ ಗೇರ್ ಸೈಕಲ್ಲಿನಲ್ಲಿ ಒಬ್ಬಳೇ ಹೊರಟಳು. ನಾನು ಮನೆಯಲ್ಲಿ ಕೂತು, ಫೋನಿನ ನಕ್ಷೆಯಲ್ಲಿ ಘಾಟು ಹತ್ತುತ್ತಿದ್ದ ಅವಳ ನೀಲಿ ಚುಕ್ಕೆಯನ್ನೇ ನೋಡುತ್ತಿದ್ದೆ. ಅಂದು ನಾನು ಗುಡ್ಡದ ಮೇಲೆ ಎಲ್ಲಿದ್ದೇನೆಂದು ಅವ್ವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆ ದಿನವನ್ನು ಅವಳು ಹೇಗೆ ಕಳೆದಳೋ!

ಚುಕ್ಕೆ ಆ ತಿರುವಿನಲ್ಲೇ ನಿಂತುಬಿಟ್ಟಿತು. ನನ್ನ ಎದೆ ಮತ್ತೆ ಧಸಕ್ಕೆಂದಿತು. ಅಷ್ಟರಲ್ಲಿ ಫೋನು ಬಂತು.

"ಅಜ್ಜಾ, ಗೋಣಿಚೀಲ ಹೊದ್ದು ಅಜ್ಜಿ ನಿಂತಿದ್ದು ಇಲ್ಲೇ ಏನು?"

"ಹೂಂ, ಅಲ್ಲೇ," ಅಂದೆ. "ಲಗೂನ ಹೋಗವ್ವಾ. ಬಾಗಲದಾಗ ದಾರಿ ನೋಡ್ಕೋತ ನಿಂತಿರ್ತಾಳ."