ನಾಲ್ಕು ಅಂಗಡಿಗೆ ಒಂದು ಮೀಟರ್

ವಾಚ್ ತಾತನ ಬಲಗಣ್ಣಿನ ಸುತ್ತ ನಾಣ್ಯ ಒತ್ತಿ ತೆಗೆದಂಥ ದುಂಡನೆಯ ಗುರುತಿತ್ತು. ವರ್ಷಗಟ್ಟಲೆ ಭೂತಗನ್ನಡಿಯ ಕೊಳವೆಯನ್ನು ಅಲ್ಲೇ ಸಿಕ್ಕಿಸಿಕೊಂಡು ಕೂತು ಚರ್ಮ ಗಟ್ಟಿಯಾಗಿತ್ತು. ಗಾಜು ತೆಗೆದಿಟ್ಟು ಮಾತಾಡುವಾಗಲೂ ಆ ಕಣ್ಣು ನಮ್ಮ ತಪ್ಪನ್ನೇ ಹುಡುಕುತ್ತಿದೆ ಎನಿಸುತ್ತಿತ್ತು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಿರುಮಣಿಯ ನಮ್ಮ ಹೊಲ ಸೋಲಾರ್ ಪಾರ್ಕಿಗೆ ಹೋದ ಮೇಲೆ, ಗುತ್ತಿಗೆ ದುಡ್ಡಿನಲ್ಲಿ ಪಾವಗಡದಲ್ಲಿ ನಾನು ಜ್ಯೂಸ್ ಅಂಗಡಿ ಇಟ್ಟೆ. "ಇವ್ಳು ಅಂಗ್ಡಿ ನಡೆಸ್ತಾಳಂತೆ, ಆರು ತಿಂಗ್ಳು ನೋಡಾಣ ಬುಡು" ಎಂದು ಗಂಡನ ಮನೆಯವರು ನಕ್ಕಿದ್ದರು. ಬಾಗಿಲು ಮುಚ್ಚಿ ವಾಪಸ್ ಹೋದರೆ ಅವರ ಮುಂದೆ ತಲೆಯೆತ್ತುವ ಹಾಗಿರಲಿಲ್ಲ.

ಕೆಳಗೆ ನಾಲ್ಕು ಅಂಗಡಿ: ನನ್ನದು, ತಾತನ ವಾಚ್ ರಿಪೇರಿ, ಚಪ್ಪಲಿಯದು, ಮೊಬೈಲಿನದು. ನಾಲ್ಕಕ್ಕೂ ಒಂದೇ ಮೀಟರ್. ಮಹಡಿಯ ಮೇಲೆ ಓನರ್ ಮನೆ, ಅದಕ್ಕೆ ಬೇರೆ ಮೀಟರ್. ತಿಂಗಳ ಬಿಲ್ಲನ್ನು ನಾಲ್ಕು ಸಮಪಾಲು ಮಾಡುವುದು ಅಲ್ಲಿನ ರೂಢಿ. ಫ್ರಿಜ್ಜು, ಐಸ್ ಪೆಟ್ಟಿಗೆ, ಎರಡು ಮಿಕ್ಸಿ ಇಟ್ಟುಕೊಂಡಿದ್ದ ನನಗೆ ಆ ರೂಢಿ ಬಹಳ ಇಷ್ಟವಾಗಿತ್ತು.

ಎರಡನೇ ತಿಂಗಳೇ ತಾತ ನನ್ನ ಗಿರಾಕಿಗಳ ಮುಂದೆ ಬಂದು ನಿಂತರು.

"ಏಮಮ್ಮಾ, ನಂದು ಒಂದು ಬಲ್ಬು. ನಿಂದು ಇಷ್ಟೆಲ್ಲ ಐತೆ. ಪಾಲು ಮಾತ್ರ ಒಂದೇನಾ? ಬಿಸ್ಲು ಮಾರ್ಕೊಂಡ್ ಬಂದೋಳಿಗೆ ಕರೆಂಟು ಬಿಟ್ಟಿ ಅನ್ಸುತ್ತೇನೋ!"

"ಓನರ್ ಮಾಡಿದ್ ಲೆಕ್ಕ ತಾತಾ. ನಿಮ್ಗ್ಯಾಕೆ ಹೊಟ್ಟೆಯುರಿ?" ಎಂದೆ.

"ನನ್ ಹೊಟ್ಟೆ ಉರಿಯಾಕೆ ಕರೆಂಟ್ ಬ್ಯಾಡ ಕಣಮ್ಮ. ನಿನ್ ಫ್ರಿಜ್ಜಿಗೆ ಬೇಕು."

ಅಲ್ಲಿಂದ ನಮ್ಮಿಬ್ಬರಿಗೆ ಎಣ್ಣೆ ಸೀಗೇಕಾಯಿ. ನಾನು ಮೂಸಂಬಿ ಸಿಪ್ಪೆಯನ್ನು ಅವರ ಮೆಟ್ಟಿಲ ಬಳಿ ಸುರಿಯುವುದು, ಅವರು ಅದನ್ನು ಗುಡಿಸಿ ನನ್ನ ಬಾಗಿಲಿಗೇ ತಂದು ಹಾಕುವುದು. "ಉರ್ಸಿದೋರು ಕಟ್ಬೇಕು" ಎಂಬ ಮಾತನ್ನು ಜಪದ ಹಾಗೆ ಹೇಳಿ ಹೇಳಿ ಉಳಿದಿಬ್ಬರನ್ನೂ ತಮ್ಮ ಕಡೆ ಎಳೆದುಕೊಂಡರು. ಕೊನೆಗೆ ಹಳೆಯ ಚಿಕ್ಕ ಮೀಟರುಗಳನ್ನು ಹುಡುಕಿ ತಂದು ಅಂಗಡಿಗೊಂದರಂತೆ ಹಾಕಿಸಿಯೇ ಬಿಟ್ಟರು.

ಆ ಮೀಟರುಗಳ ಲೆಕ್ಕದಲ್ಲಿ ಮೊದಲ ತಿಂಗಳೇ ಬಿಲ್ಲಿನ ಮುಕ್ಕಾಲು ಪಾಲು ನನ್ನ ತಲೆಗೆ ಬಂತು. ಎರಡನೇ ತಿಂಗಳು ಬಾಡಿಗೆಗೇ ದುಡ್ಡು ಸಾಲಲಿಲ್ಲ. ವಾಚಿನ ಮುಚ್ಚಳ ತೆಗೆಯುವ ಕೈಗೆ ಮೀಟರಿನ ಮುಚ್ಚಳ ಯಾವ ಲೆಕ್ಕ? ಮುದುಕನೇ ಏನೋ ಕೈಚಳಕ ಮಾಡಿದ್ದಾನೆ ಎಂದು ತೀರ್ಮಾನಿಸಿದೆ. ಹಾಡಹಗಲು ಅವರ ಮೆಟ್ಟಿಲ ಮೇಲೆ ನಿಂತು "ಕಳ್ಳ ಮುದ್ಕ" ಎಂದು ಕೂಗಾಡಿ, ಬಿಡಿಭಾಗಗಳ ತಟ್ಟೆಯನ್ನು ಬೀದಿಗೆ ತಳ್ಳಿದೆ. ಸಾಸಿವೆಯಂಥ ತಿರುಪುಗಳು ಮಣ್ಣಿನಲ್ಲಿ ಚೆಲ್ಲಿದವು. ತಾತ ಕುಕ್ಕರಗಾಲಲ್ಲಿ ಕೂತು ಚಿಮಟದಿಂದ ಒಂದೊಂದನ್ನೇ ಹೆಕ್ಕಿದರು. ಸಂಜೆಯಾಯಿತು. ನಾನು ನೋಡುತ್ತಲೇ ಇದ್ದೆ. ನಿಜ ಹೇಳುತ್ತೇನೆ, ನನಗೆ ಸಂತೋಷವಾಗಿತ್ತು.

ಮರುದಿನ ಬೆಳಗ್ಗೆ ತಾತ ಬಂದು, "ಎಲ್ಲಾ ಆರ್ಸು. ಫ್ರಿಜ್ಜೂ ಆರ್ಸು" ಎಂದರು. ಅವರ ಕಳ್ಳತನ ಹಿಡಿಯೋಣ ಎಂದೇ ಆರಿಸಿದೆ. ತಾತ ಸ್ಟೂಲು ಹತ್ತಿ, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನನ್ನ ಮೀಟರಿಗೆ ಮುಖವಿಟ್ಟರು. ಅಂಗಡಿಯಲ್ಲಿ ಒಂದು ದೀಪವೂ ಇಲ್ಲ, ಮೀಟರಿನ ಚಕ್ರ ಮಾತ್ರ ತಿರುಗುತ್ತಲೇ ಇದೆ! ಬಹಳ ಹೊತ್ತಿನ ಮೇಲೆ ಅದು ತಟ್ಟನೆ ನಿಂತಿತು.

"ಈಗ ಯಾವ್ ಸದ್ದು ನಿಂತೋಯ್ತು, ಹೇಳು."

ಮೇಲೆ ಓನರ್ ಮನೆಯ ನೀರಿನ ಮೋಟರು ನಿಂತಿತ್ತು. ಹಿಂದಿನ ಕಪಾಟನ್ನು ಸರಿಸಿದೆವು. ನನ್ನ ಬೋರ್ಡಿನಿಂದ ಒಂದು ವೈರು ಗೋಡೆಯೊಳಗೆ ಹೊಕ್ಕು ನೇರ ಮಹಡಿಗೆ ಹೋಗಿತ್ತು. ಅವರ ಮೋಟರು, ಗೀಸರು ಎರಡಕ್ಕೂ ಇಷ್ಟು ವರ್ಷ ನಾಲ್ಕೂ ಅಂಗಡಿಯವರು ಪಾಲು ಹಾಕಿ ಕಟ್ಟುತ್ತಿದ್ದರು. ಈಗ ನಾನೊಬ್ಬಳೇ ಕಟ್ಟುತ್ತಿದ್ದೆ.

ತಾತ ಓನರನ್ನು ಕೆಳಗೆ ಕರೆದರು. "ನಿಮ್ ಮೋಟ್ರು ಈ ಹೆಣ್ಮಗಳ ಮೀಟರಾಗೆ ತಿರುಗ್ತೈತೆ ಸಾಮಿ. ಉರ್ಸಿದೋರು ಕಟ್ಬೇಕು."

ಓನರ್ ವೈರಿಂಗ್ ಮಾಡಿದವನನ್ನು ಬೈದರು. ವಾರದೊಳಗೆ ವೈರು ಹೋಯಿತು, ನನ್ನ ಅಂಗಡಿ ಉಳಿಯಿತು. ಅದೇ ತಿಂಗಳು ಓನರಿಂದ ತಾತನಿಗೆ "ಮಗಳಿಗೆ ಅಂಗಡಿ ಬೇಕು, ಖಾಲಿ ಮಾಡಿ" ಎಂಬ ಮಾತು ಬಂತು. ಕಾಗದ ಪತ್ರ ಏನೂ ಇರಲಿಲ್ಲ, ಬಾಯಿಮಾತಿನ ಬಾಡಿಗೆ. ತಾತ ಮೂವರ ಬಳಿಯೂ ಬಂದರು. "ಮೇಲಕ್ಕೆ ಬನ್ನಿ. ತಾತ ಇಲ್ಲೇ ಇರ್ಲಿ ಅಂತ ಒಂದ್ ಮಾತು ಹೇಳಿ ಸಾಕು." ಚಪ್ಪಲಿ ಅಂಗಡಿಯವನಿಗೆ ಕೆಲಸವಿತ್ತು. ಮೊಬೈಲಿನವನು ಮೊಬೈಲಿನಿಂದ ತಲೆಯೆತ್ತಲಿಲ್ಲ.

"ಗಿರಾಕಿ ಅವ್ರೆ ತಾತಾ" ಎಂದೆ ನಾನು.

ಒಬ್ಬ ಗಿರಾಕಿಯೂ ಇರಲಿಲ್ಲ. ತಾತ ಆ ಕಣ್ಣಿನಿಂದ ನನ್ನ ಖಾಲಿ ಬೆಂಚನ್ನು ನೋಡಿದರು. ಒಬ್ಬರೇ ಮೆಟ್ಟಿಲು ಹತ್ತಿದರು.

ಆಮೇಲೆ ಅಂಗಡಿ ಖಾಲಿ ಮಾಡಿ, ಬ್ಯಾಂಕಿನ ಎದುರು ಛತ್ರಿ ಕಟ್ಟಿಕೊಂಡು, ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂತರು. ಒಂದು ದಿನ ಮನಸ್ಸು ತಡೆಯದೆ ಮೂಸಂಬಿ ಜ್ಯೂಸ್ ತೆಗೆದುಕೊಂಡು ಹೋದೆ.

"ರೇಟು?"

"ಬ್ಯಾಡ ತಾತಾ."

"ಅವತ್ತು ಒಂದ್ ಮಾತು ಕೇಳ್ದೆ. ಅದಕ್ಕೆ ಕಾಸು ಬೇಕಿರ್ಲಿಲ್ಲ, ಅದನ್ನ ಕೊಡ್ಲಿಲ್ಲ ನೀನು. ಇದಕ್ಕೆ ರೇಟ್ ಹೇಳು."

ಹೇಳಿದೆ. ಚಿಲ್ಲರೆ ಎಣಿಸಿ ಕೊಟ್ಟರು. ಗ್ಲಾಸು ತೊಳೆದು ವಾಪಸ್ ಕಳಿಸಿದರು. ಕೊನೆಯವರೆಗೂ ನನ್ನೊಡನೆ ನಗಲಿಲ್ಲ.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಮುಖ ನೋಡಲು ಹೋಗಿದ್ದೆ. ಕಣ್ಣು ಮುಚ್ಚಿತ್ತು, ಸುತ್ತಲಿನ ಗುರುತು ಹಾಗೇ ಇತ್ತು.

ಓನರ್ ಮಗಳು ಅಂಗಡಿಗೆ ಬರಲೇ ಇಲ್ಲ. ನಡುಗೋಡೆ ಒಡೆದು ಆ ಜಾಗವನ್ನೂ ನನಗೇ ಕೊಟ್ಟರು, ನಾನು ತೆಗೆದುಕೊಂಡೆ. ಈಗ ಅಲ್ಲಿ ನಾಲ್ಕು ಕುರ್ಚಿಗಳಿವೆ. ಒಮ್ಮೊಮ್ಮೆ ಯಾರಾದರೂ ಹಳ್ಳಿಯವರು ನಿಂತ ವಾಚು ಹಿಡಿದುಕೊಂಡು ಬಂದು "ಇಲ್ಲಿದ್ದ ತಾತ ಎಲ್ಲಿಗೋದ್ರಮ್ಮಾ?" ಎಂದು ಕೇಳುತ್ತಾರೆ. ಮೊದಲೆಲ್ಲ "ಓನರ್ ಬಿಡಿಸಿದ್ರು" ಎನ್ನುತ್ತಿದ್ದೆ. ಈಗ "ನಾವು ಮೂರ್ ಜನ ಬಿಡಿಸಿದ್ವಿ" ಎನ್ನುತ್ತೇನೆ.