ನಾಗಪುರದಲ್ಲಿ ವಿಮಾನ ಬದಲಿಸಿದ ರಾತ್ರಿ

ಅಣ್ಣನ ಆಫೀಸಿನಿಂದ ತಂತಿ ಬಂದಾಗ ನಾನು ಹಿಂದೂಪುರದ ಎಲಿಮೆಂಟರಿ ಸ್ಕೂಲಿನಲ್ಲಿ ಟೀಚರಾಗಿದ್ದೆ. ಅಣ್ಣನಿಗೆ ದೆಹಲಿಯಲ್ಲಿ ಕೆಲಸ. ಹೊಟ್ಟೆಯ ಆಪರೇಷನ್ ಆಗಿದೆ, ತಾಯಿಯನ್ನು ಕರೆದುಕೊಂಡು ಕೂಡಲೇ ಹೊರಡಿ ಎಂದಷ್ಟೇ ಅದರಲ್ಲಿತ್ತು. ಹುಷಾರಾಗಿದ್ದಾನೆ ಎಂಬ ಮಾತು ಎಲ್ಲೂ ಇರಲಿಲ್ಲ. ನಾನು ಅದನ್ನೇ ಮತ್ತೆ ಮತ್ತೆ ಹುಡುಕಿದೆ.

ಅಮ್ಮ ಇದ್ದದ್ದು ಕಲ್ಯಾಣದುರ್ಗದಲ್ಲಿ. ಬಸ್ಸಿಳಿದು ಮನೆಗೆ ಹೋದರೆ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ವಾರದ ನಡುವೆ ಬಂದ ನನ್ನನ್ನು ನೋಡಿ ಮೊರವನ್ನು ಪಕ್ಕಕ್ಕಿಟ್ಟಳು.

“ಏನಾಯ್ತೇ? ನಿಮ್ಮಣ್ಣನ ಸುದ್ದಿಯಾ? ನಿಜ ಹೇಳ್ಬುಡು.”

“ಆಪರೇಷನ್ ಆಗಿದೆಯಂತಮ್ಮ. ಹೋಗ್ಬೇಕು.”

ಅವಳು ಅಳಲಿಲ್ಲ. ಒಳಗೆ ಹೋಗಿ ಸೀರೆ ಉಟ್ಟು ಬಂದಳು.

ಮದ್ರಾಸಿನವರೆಗೆ ರೈಲು. ಅಲ್ಲಿ ಅಣ್ಣನ ಸ್ನೇಹಿತನೊಬ್ಬ ಸ್ಟೇಷನ್ನಿಗೆ ಬಂದಿದ್ದ. ರೈಲಿನಲ್ಲೇ ಹೋದರೆ ತಡವಾದೀತು ಎಂದು ರಾತ್ರಿಯ ಟಪಾಲು ವಿಮಾನಕ್ಕೆ ಟಿಕೆಟ್ ಮಾಡಿಸಿದ್ದ. ಯಾವುದಕ್ಕೆ ತಡ ಎಂದು ಕೇಳುವ ಧೈರ್ಯ ಬರಲಿಲ್ಲ.

“ಭಯಪಡಕಂಡಿ ಅಮ್ಮಾ,” ಎಂದು ಅವನು ಅಮ್ಮನಿಗೆ ತೆಲುಗಿನಲ್ಲಿ ಸಮಾಧಾನ ಹೇಳಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದ. ಮದ್ರಾಸು, ಬೊಂಬಾಯಿ, ಕಲ್ಕತ್ತಾ, ದೆಹಲಿ, ಈ ನಾಲ್ಕು ಊರುಗಳಿಂದ ರಾತ್ರಿ ಒಂದೊಂದು ವಿಮಾನ ಹೊರಡುತ್ತದೆ. ದೇಶದ ನಡುಮಧ್ಯೆ ಇರುವುದರಿಂದ ನಾಗಪುರದಲ್ಲಿ ನಾಲ್ಕೂ ಸೇರುತ್ತವೆ. ಅಲ್ಲಿ ಟಪಾಲಿನ ಚೀಲಗಳನ್ನೂ ಜನರನ್ನೂ ಅದಲುಬದಲು ಮಾಡಿಕೊಂಡು, ಬೆಳಗಾಗುವಷ್ಟರಲ್ಲಿ ಪ್ರತಿಯೊಂದೂ ಬಂದ ಊರಿಗೇ ವಾಪಸಾಗುತ್ತದೆ. “ಒಂದೂರಿಂದ ಎಲ್ಲಾ ಊರಿಗೂ ಬೇರೆ ಬೇರೆ ವಿಮಾನ ಬಿಡೋಕಾಗುತ್ತಾ? ಅದಕ್ಕೇ ಈ ಏರ್ಪಾಡು. ನೀವು ಮಾತ್ರ ಅಲ್ಲಿ ಇಳಿದು ದೆಹಲಿ ವಿಮಾನ ಹತ್ತಬೇಕು, ಮರೀಬೇಡಿ.”

ಗುಂತಕಲ್ ಜಂಕ್ಷನ್ನಿನಲ್ಲಿ ರೈಲುಗಾಡಿ ಬದಲಿಸಿ ನನಗೆ ಅಭ್ಯಾಸವಿತ್ತು. ಅದೇ ತರಹ ಇರಬೇಕು ಎಂದುಕೊಂಡೆ.

ವಿಮಾನದ ಬಾಲ ನೆಲಕ್ಕೆ ತಗ್ಗಿಕೊಂಡಿತ್ತು. ಒಳಗೆ ಸೀಟಿನವರೆಗೆ ದಿಬ್ಬ ಹತ್ತಿದ ಹಾಗೆ ನಡೆಯಬೇಕಾಯಿತು. ಮೇಲೆದ್ದಾಗ ಅಮ್ಮ ನನ್ನ ಮಣಿಕಟ್ಟು ಹಿಡಿದವಳು ಬಿಡಲೇ ಇಲ್ಲ. ಒಂದೆರಡು ಸಲ ವಿಮಾನ ದಡಾರನೆ ಕೆಳಗಿಳಿಯಿತು. ಅವಳು ಕಣ್ಣು ಮುಚ್ಚಿ ಅಣ್ಣನ ಹೆಸರನ್ನು ಹೇಳಿಕೊಳ್ಳುತ್ತಿದ್ದಳು. ಮುಂದಿನ ಸೀಟಿನಲ್ಲಿ ತೆಲುಗು ಮಾತಾಡುವ ವಯಸ್ಸಾದ ಗಂಡ ಹೆಂಡತಿ ಇದ್ದರು. ಆ ಹೆಂಗಸು ತಿರುಗಿ ಅಮ್ಮನಿಗೆ ಧೈರ್ಯ ಹೇಳಿದ ಮೇಲೆ ಅವಳಿಗೆ ಸ್ವಲ್ಪ ಹಿತವಾಯಿತು.

ನಾಗಪುರದಲ್ಲಿ ಇಳಿದಾಗ ನಮ್ಮದೂ ಸೇರಿ ಮೂರು ವಿಮಾನಗಳು ಬಂದಾಗಿತ್ತು. ಕಲ್ಕತ್ತೆಯದು ಬಂದಿರಲಿಲ್ಲ. ಅದು ಬಾರದೆ ಉಳಿದವೂ ಹೊರಡುವ ಹಾಗಿರಲಿಲ್ಲ. ದಾರಿಯಲ್ಲಿ ಬಿರುಗಾಳಿ ಎಂದರು. ಕೂತವರೆಲ್ಲ ಮಾತು ನಿಲ್ಲಿಸಿ ಆಕಾಶದ ಕಡೆ ಕಿವಿಗೊಟ್ಟಿದ್ದರು. ಅಮ್ಮ ಕೇಳಿದಳು, “ಬರ್ನಿಲ್ಲಾಂದ್ರೆ ಏನಾಗಿರ್ತೈತೆ ಕಣೇ?”

ಕೊನೆಗೆ ಅದು ಬಂತು. ಬಂದದ್ದೇ ತಡ, ಎಲ್ಲರಿಗೂ ಒಮ್ಮೆಗೇ ಅವಸರ. ಚೀಲ ತುಂಬಿದ ಗಾಡಿಗಳು ಓಡಾಡತೊಡಗಿದವು. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಏನೇನೋ ಕೂಗಿದರು. ಹೊರಗೆ ನೋಡಿದರೆ ನಾಲ್ಕು ವಿಮಾನಗಳೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದವು. “ಇಲ್ಲೇ ಕೂತಿರಮ್ಮ, ನಮ್ಮದ್ಯಾವುದು ಅಂತ ಕೇಳ್ಕೊಂಡು ಬತ್ತೀನಿ,” ಎಂದು ನಾನು ಕೌಂಟರಿಗೆ ಹೋದೆ. ಅಲ್ಲಿ ನೂಕುನುಗ್ಗಲು. ಕೇಳಿಕೊಂಡು ತಿರುಗಿ ಬಂದರೆ ಬೆಂಚು ಖಾಲಿ.

ಕೂಗಿದೆ. ಹೆಂಗಸರ ಕೋಣೆಯಲ್ಲಿ ನೋಡಿದೆ. ಇರಲಿಲ್ಲ. ಹೊರಗೆ ಒಂದು ವಿಮಾನದ ಪಂಕ ಆಗಲೇ ತಿರುಗಲು ಶುರುವಾಗಿತ್ತು. ಅವಳ ಟಿಕೆಟ್ಟು ನನ್ನ ಕೈಚೀಲದಲ್ಲಿತ್ತು. ಅವಳಿಗೆ ಅಕ್ಷರ ಬಾರದು, ಕನ್ನಡ ತೆಲುಗು ಬಿಟ್ಟರೆ ಬೇರೆ ಮಾತು ಬಾರದು. ಯಾವುದೋ ಊರಿನಲ್ಲಿ ಇಳಿದರೆ ಮಗನ ವಿಳಾಸವನ್ನಾದರೂ ಹೇಳಬಲ್ಲಳೇ?

ಬಾಗಿಲಲ್ಲಿದ್ದವನು ತಡೆದ. ಅವನ ಕೈ ತಳ್ಳಿ ಓಡಿದೆ. “ಮೈ ಮದರ್! ಮೈ ಮದರ್!” ಎಂಬುದೊಂದೇ ಬಾಯಿಗೆ ಬರುತ್ತಿತ್ತು. ಪಂಕದ ಗಾಳಿಗೆ ಸೆರಗು ಮುಖಕ್ಕೆ ಬಡಿಯಿತು, ನನ್ನ ದನಿ ನನಗೇ ಕೇಳಿಸಲಿಲ್ಲ. ಸಮವಸ್ತ್ರದವನೊಬ್ಬ ನನ್ನನ್ನು ಹಿಂದಕ್ಕೆಳೆದು ಬೈದ. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ಕೈ ಎತ್ತಿ ಪೈಲಟ್ಟಿಗೆ ಸನ್ನೆ ಮಾಡಿದ. ಪಂಕ ನಿಂತಿತು. ತೆಗೆದಿದ್ದ ಏಣಿಯನ್ನು ಮತ್ತೆ ಹಚ್ಚಿದರು.

ಅದು ಬೊಂಬಾಯಿಯ ವಿಮಾನ. ಒಳಗೆ ಆ ತೆಲುಗಿನವರ ಹಿಂದಿನ ಸೀಟಿನಲ್ಲಿ ಅಮ್ಮ ಬೆಲ್ಟು ಕಟ್ಟಿಕೊಂಡು ಕೂತಿದ್ದಳು. ಅವರು ಎದ್ದಾಗ ಇವಳೂ ಹಿಂದೆಯೇ ಹೋಗಿದ್ದಳು. ಅವಸರದಲ್ಲಿ ಬಾಗಿಲಿನವರು ಅವರ ಮನೆಯವಳೇ ಎಂದು ಹತ್ತಿಸಿಕೊಂಡಿದ್ದರು.

“ಜೊತೇಲಿ ಬಂದೋರು ಹೊಂಟ್ರು ಕಣಮ್ಮ. ನೀನು ಹಿಂದ್ಗಡೆ ಬತ್ತೀಯ ಅಂದ್ಕಂಡೆ,” ಎಂದಳು. ಅವಳ ಬೆಲ್ಟನ್ನು ಆ ಮುದುಕರೇ ಬಿಚ್ಚಿಕೊಟ್ಟರು. ಕೆಳಗಿಳಿದ ಮೇಲೆ ಅದು ಯಾವ ಊರಿಗೆ ಹೋಗುತ್ತಿತ್ತು ಎಂದು ಹೇಳಿದೆ. ಅಮ್ಮ ನಿಂತಲ್ಲೇ ಕೂತುಬಿಟ್ಟಳು. ಇಬ್ಬರು ಹಿಡಿದೆತ್ತಿ ದೆಹಲಿಯ ವಿಮಾನಕ್ಕೆ ಹತ್ತಿಸಬೇಕಾಯಿತು.

ದೆಹಲಿಯಲ್ಲಿ ಇಳಿದು ನೇರವಾಗಿ ಆಸ್ಪತ್ರೆಗೆ ಹೋದೆವು. ವಾರ್ಡಿನ ಬಾಗಿಲಲ್ಲಿ ಅಮ್ಮ ನನ್ನನ್ನೇ ಮುಂದೆ ತಳ್ಳಿದಳು. ಕಿಟಕಿಯ ಪಕ್ಕದ ಮಂಚದಲ್ಲಿ ಗಡ್ಡ ಬೆಳೆದವನೊಬ್ಬ ಮಲಗಿದ್ದ. ಅಣ್ಣ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಕಣ್ಣು ಬಿಟ್ಟು “ಅಮ್ಮ ಬಂದ್ಲಾ?” ಎಂದ.

ಅವನು ಚೇತರಿಸಿಕೊಂಡ. ನಾವು ರೈಲಿನಲ್ಲಿ ಊರಿಗೆ ಮರಳಿದೆವು. ದಾರಿಯುದ್ದಕ್ಕೂ ಯಾವ ಸ್ಟೇಷನ್ನಿನಲ್ಲೂ ಅಮ್ಮನನ್ನು ಬಿಟ್ಟು ನಾನು ಕೆಳಗಿಳಿಯಲಿಲ್ಲ. ಕುಡಿಯುವ ನೀರನ್ನೂ ಕಿಟಕಿಯಿಂದಲೇ ಯಾರನ್ನಾದರೂ ಬೇಡಿ ತರಿಸಿಕೊಂಡೆ.